ಘಟ್ಟ ಇಳಿಸುವ ಗಾಳಿ

ಅಪ್ಪಾ,

ನೀನು ಹೋಗಿ ಒಂಬತ್ತು ವರ್ಷವಾಯಿತು. ಈಗ ಯಾಕೆ ಬರೆಯುತ್ತಿದ್ದೇನೆಂದರೆ, ಇವತ್ತು ನೇಸರಗಿಯ ವಾಸೀಮನ ಅಂಗಡಿಯಲ್ಲಿ ನನ್ನ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದೆ. ವಾಲ್ವ್ ಕಟ್ಟಿಕೊಂಡಿತ್ತು. ಎಷ್ಟು ಒತ್ತಿದರೂ ಪಂಪಿನ ಹಿಡಿಕೆ ನನ್ನನ್ನೇ ಮೇಲಕ್ಕೆ ದೂಡುತ್ತಿತ್ತು. ಪಂಪಿನ ಕೊಳವೆ ಮುಟ್ಟಿದರೆ ಕೈ ಚುರ್ರೆಂದಿತು.

"ಅಕ್ಕೋರ, ಹಸಿ ಅರಬಿ ಸುತ್ರಿ. ಇಲ್ಲಾಂದ್ರ ಒಳಗಿನ ವಾಶರ್ ಸುಡತೈತಿ," ಎಂದ ವಾಸೀಮ್.

ಬಟ್ಟೆ ಒದ್ದೆ ಮಾಡುತ್ತಿದ್ದಂತೆ ನಿನ್ನ ಮಾತು ನೆನಪಾಯಿತು. ಘಟ್ಟದ ಉಗಿಬಂಡಿಗೆ ಕಲ್ಲಿದ್ದಲು ಹಾಕುತ್ತಿದ್ದ ನೀನು ಹೇಳಿದ್ದೂ ಇದನ್ನೇ ಅಲ್ಲವೇ?

"ತಾಯವ್ವಾ, ಇಳಕಲಿನ್ಯಾಗ ಡ್ರೈವರ್ ಉಲ್ಟಾ ಗೇರ್ ಹಾಕತಾನ. ಸಿಲಿಂಡರ್ ಗಾಳಿ ಎಳಕೊಂಡು ಪಂಪಿನಂಗ ಒತ್ತತೈತಿ. ಆ ಗಾಳೀನ ಗಾಲಿ ತಡೀತೈತಿ. ಸುಡಬಾರದಂತ ಸಿಲಿಂಡರಿಗೆ ನೀರು ಬಿಡತೇವಿ..."

ಆಗ ಬಿಎಸ್ಸಿ ಓದುತ್ತಿದ್ದ ನಾನು ಮನೆಗೆ ಬಂದಿದ್ದ ಬೀಗರ ಮುಂದೆಯೇ ನಕ್ಕಿದ್ದೆ. "ಗಾಳಿ ರೈಲ ನಿಲ್ಲಸತೈತೇನಪಾ? ಇದ್ದಲಿ ಹಾಕಾವ್ಗ ಏನ ಗೊತ್ತ!"

ನೀನು ಮತ್ತೆಂದೂ ಎಂಜಿನ್ನಿನ ಮಾತೆತ್ತಲಿಲ್ಲ.

ಒದ್ದೆ ಬಟ್ಟೆ ಸುತ್ತಿದ ಮೇಲೆ ಪಂಪು ತಣ್ಣಗಾಯಿತು. ಆದರೆ ಸಂಜೆಯಿಂದ ಒಂದೇ ಯೋಚನೆ. ಸಿಲಿಂಡರಿಗೆ ಬಿಟ್ಟ ನೀರು ಕಡಿಮೆಯಾದರೆ ಎಂಜಿನ್ನಿನ ಮೇಲಿದ್ದ ನಿಮಗೆಲ್ಲ ಹೇಗೆ ತಿಳಿಯುತ್ತಿತ್ತು? ಸದ್ದಿನಿಂದಲೋ, ವಾಸನೆಯಿಂದಲೋ? ವಿಜ್ಞಾನ ಕಲಿಸುವ ನನಗೆ ಗೊತ್ತಿಲ್ಲ.

ಎಷ್ಟು ನೀರು ಬಿಡುತ್ತಿದ್ದಿರಿ ಅಪ್ಪಾ? ಆ ದಿನ ನೀನು ಅದನ್ನೇ ಹೇಳಲು ಹೊರಟಿದ್ದೆ.