ಸೆರಗು ಬಿಡಿಸಿಕೊಟ್ಟ ಅತ್ತೆಯ ವಿಚಾರ

ಚಿಕ್ಕವ್ವ,

ಅಲ್ಲಿಯೂ ಧಾರಾವಾಹಿಗಳು ಬರುತ್ತವೆ ಎಂದುಕೊಂಡೇ ಬರೆಯುತ್ತಿದ್ದೇನೆ. ಬರದಿದ್ದರೆ ಅದನ್ನು ಸ್ವರ್ಗ ಎನ್ನಲು ನೀನು ಒಪ್ಪುವುದಿಲ್ಲ. ಬಂದರೆ ನಾನು ಒಪ್ಪುವುದು ಕಷ್ಟ. ರಾಮನಗರದ ವಾರಪತ್ರಿಕೆಯೊಂದರಲ್ಲಿ ವರ್ಷಗಟ್ಟಲೆ ಧಾರಾವಾಹಿ ವಿಮರ್ಶೆ ಬರೆದು ಹೊಟ್ಟೆ ಹೊರೆದವನ ಮಾತಿದು. ಮೊನ್ನೆ ನನಗೊಂದು ಫೋನ್ ಬಂತು. ಅದನ್ನು ನಿನಗೆ ಹೇಳಬೇಕು. ಹೇಳುವ ಮೊದಲು ನಾನು ಮಾಡಿದ್ದನ್ನೂ ಒಪ್ಪಿಕೊಳ್ಳಬೇಕಲ್ಲ...

ನೆನಪಿದೆಯೇ, ಚನ್ನಪಟ್ಟಣದ ನಿಮ್ಮ ಗೊಂಬೆ ಕಾರ್ಖಾನೆಗೆ ನಾನು ಮೊದಲು ಬಂದ ಮಧ್ಯಾಹ್ನ? ಮರ ಕಡೆಯುವ ಆರು ಲೇತ್ ಯಂತ್ರಗಳು ಒಟ್ಟಿಗೆ ಓಡುತ್ತಿದ್ದವು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ನೀನು ಬಣ್ಣ ಏರಿಸುತ್ತಿದ್ದೆ. ಎದುರು ಗೋಡೆಯ ಟಿವಿಯಲ್ಲಿ ಹಿಂದಿನ ಸಂಜೆಯ ಧಾರಾವಾಹಿಯ ಮರುಪ್ರಸಾರ. ಯಂತ್ರಗಳ ಸದ್ದಿನಲ್ಲಿ ಅದರ ಒಂದಕ್ಷರವೂ ಕೇಳಿಸದು. ಆರು ಹೆಂಗಸರು ವರ್ಷಾನುಗಟ್ಟಲೆ ಮುಖ ಮತ್ತು ಕೈ ನೋಡಿಯೇ ಕಥೆ ತಿಳಿದುಕೊಂಡಿರಿ. ಟೀ ಹೊತ್ತಿಗೆ ಯಂತ್ರ ನಿಂತು ಟಿವಿಯ ದನಿ ಕೇಳತೊಡಗಿದರೆ ನೀನು ಪಕ್ಕದ ಲೇತಿನ ಶಾಹೀನಾಳಿಗೆ ಹೇಳುತ್ತಿದ್ದೆ: "ಒಸಿ ಮುಚ್ಚೇ ಅದ್ರ ಬಾಯ. ಮಾತು ಕೇಳುದ್ರೆ ಸುಳ್ಳು ಶುರುವಾಯ್ತದೆ."

ಅದೇ ದಿನ ಟಿವಿಯ ನಾಯಕಿ ಅಳುತ್ತಿದ್ದಳು. ನೀನು ಕೈಕೆಲಸ ಬಿಡದೆ, "ಆ ಹುಡ್ಗಿ ಕಣ್ಣೀರ ಒರಸ್ಕೊಳಲ್ಲ ಕಣ್ಲಾ, ಒತ್ಕೋತಾಳೆ. ಬಣ್ಣ ಹೋದಾತು ಅಂತ" ಅಂದೆ. ನಾನು ಬಸ್ಸಿನಲ್ಲಿ ರಾಮನಗರ ಮುಟ್ಟುವಷ್ಟರಲ್ಲಿ ಆ ಮಾತು, 'ನಾಯಕಿಯ ಶೋಕಾಭಿನಯದಲ್ಲಿ ಅಂತರಂಗಕ್ಕಿಂತ ಬಹಿರಂಗದ ಕಾಳಜಿಯೇ ಮೇಲುಗೈ ಸಾಧಿಸಿದೆ' ಎಂದಾಗಿತ್ತು. ಕೆಳಗೆ ನನ್ನ ಹೆಸರು, ಪಕ್ಕದಲ್ಲಿ ಗಲ್ಲಕ್ಕೆ ಕೈ ಕೊಟ್ಟು ಚಿಂತಿಸುತ್ತಿರುವ ನನ್ನ ಫೋಟೊ. ಅಲ್ಲಿಂದ ಪ್ರತಿ ಗುರುವಾರ ನಾನು ಚಿಕ್ಕವ್ವನ ಮೇಲಿನ ಪ್ರೀತಿಯಿಂದ ಚನ್ನಪಟ್ಟಣಕ್ಕೆ ಬರತೊಡಗಿದೆ. ಓದು ಬಾರದ ನಿನಗೆ ಶಾಹೀನಾ ನನ್ನ ಅಂಕಣ ಓದಿ ಹೇಳುತ್ತಿದ್ದಳಲ್ಲ, ಆಗ ನೀನು, "ಎಲ್ಲೋ ಕೇಳ್ದಂಗೈತೆ. ಚೆಂದಾಗ್ ಬರ್ದವ್ನೆ ಬುಡು" ಎಂದು ನಗುತ್ತಿದ್ದೆಯಂತೆ. ಅಷ್ಟೇ. ಒಂದು ಸಲವೂ ನನ್ನನ್ನು ಕೇಳಲಿಲ್ಲ.

ಆಮೇಲೆ ಆ ಗುರುವಾರ. ಏಳೂವರೆಯ ಧಾರಾವಾಹಿಯ ಕ್ರೂರ ಅತ್ತೆ ಸೊಸೆಯನ್ನು ಮನೆಯಿಂದ ಹೊರಹಾಕಿದ್ದಳು. ಇಡೀ ಜಿಲ್ಲೆ ಆಕೆಗೆ ಶಾಪ ಹಾಕುತ್ತಿತ್ತು. ನೀನೊಬ್ಬಳು, "ಆ ಅತ್ತೆಗೆ ಸೊಸೆ ಕಂಡ್ರೆ ಪ್ರಾಣ ಕಣ್ಲಾ" ಅಂದೆ.

"ಕತ್ತು ಹಿಡಿದು ಆಚೆ ನೂಕಿದಳಲ್ಲ ಚಿಕ್ಕವ್ವ."

"ನೂಕ್ಲಿ. ಬಾಗ್ಲಿಗೆ ಸೊಸೆ ಸೆರಗು ಸಿಕ್ಕಾಕ್ಕಂತು. ಹರ್ದೋದಾತು ಅಂತ ಮೊದ್ಲು ಅದ ಬುಡುಸ್ಕೊಟ್ಟು ಆಮೇಲೆ ಬಾಗ್ಲು ಹಾಕುದ್ಲು. ನೋಡ್ದಾ? ನೀನೇನ್ ನೋಡ್ತೀಯ, ಬರೀ ಕೇಳ್ತೀಯ."

ನಾನು ನೋಡಿರಲಿಲ್ಲ. ಆದರೂ ಆ ಅತ್ತೆಗೆ ಸೊಸೆಯ ಮೇಲೆ ಪ್ರೀತಿ ಇದೆ ಎಂದು ಬರೆದೆ.

ಪತ್ರಿಕೆ ಬಂದ ಮರುದಿನದಿಂದ ನನ್ನ ಮಾನ ಹರಾಜು. ಮಾಗಡಿಯ ಒಬ್ಬ ನಿವೃತ್ತ ಗಣಿತ ಮೇಷ್ಟ್ರು ಮೊಬೈಲಿನಲ್ಲೇ ವಿಮರ್ಶೆ ಮಾಡಿ ಧಾರಾವಾಹಿಗಳಿಗೆ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತಾರೆ. ಅವರು ಈ ಸಲ ಅಂಕ ಕೊಟ್ಟದ್ದು ನನಗೆ: ಸೊನ್ನೆ. "ಈ ವಿಮರ್ಶಕರಿಗೆ ಕಿವಿ ಐತೋ ಇಲ್ವೋ?" ಎಂಬ ಅವರ ಪ್ರಶ್ನೆಯನ್ನು ಕನಕಪುರದವರು ಹಾರೋಹಳ್ಳಿಯವರಿಗೆ, ಹಾರೋಹಳ್ಳಿಯವರು ನನಗೇ ಕಳಿಸಿದರು. ಸಂಪಾದಕರು ಸ್ಪಷ್ಟೀಕರಣ ಕೇಳಿದರು. ವೃತ್ತಿಪರ ವಿಮರ್ಶಕನಾದ ನಾನು ಆಗ ಏನು ಮಾಡಿದೆ ಹೇಳು? 'ಚನ್ನಪಟ್ಟಣದಲ್ಲಿ ಸದ್ದಿಲ್ಲದೆ ಟಿವಿ ನೋಡುವ, ಓದುಬರಹವಿಲ್ಲದ ಹೆಂಗಸೊಬ್ಬರ ಮಾತು ನಂಬಿ ಎಡವಿದೆ' ಎಂದು ಬರೆದು ವಿಷಾದಿಸಿದೆ. ಹೊಗಳಿಕೆಗೆಲ್ಲ ನನ್ನ ಹೆಸರಿತ್ತು. ತಪ್ಪು ಬಂದಾಗ ಮಾತ್ರ ನಿನ್ನನ್ನು ಕರೆತಂದೆ, ಅದೂ ಹೆಸರಿಲ್ಲದೆ.

ಮುಂದಿನ ಗುರುವಾರ ಏನೂ ಆಗದವನಂತೆ ಬಂದು ನಿಂತೆ. ಶಾಹೀನಾ ಅಷ್ಟರಲ್ಲಿ ಎಲ್ಲವನ್ನೂ ಓದಿ ಹೇಳಿದ್ದಳು. ನೀನು ನನಗೆ ಟೀ ಕೊಡಿಸಿದೆ, ಮನೆಯವರನ್ನು ವಿಚಾರಿಸಿದೆ. "ಇವತ್ತು ಹೆಂಗಿತ್ತು ಚಿಕ್ಕವ್ವ?" ಎಂದು ನಾನು ಟಿವಿ ತೋರಿಸಿದೆ. "ನೀನೇ ನೋಡ್ಕೋ ಮಗ, ನಿಂಗೆ ಕಿವಿ ಚೆಂದಾಗವೆ" ಅಂದು ನೀನು ಲೇತ್ ಹಾಕಿದೆ. ಬೈದಿದ್ದರೆ ಬೈಗುಳವನ್ನೂ ಅಂಕಣ ಮಾಡಿಕೊಳ್ಳುತ್ತಿದ್ದೆ. ನೀನು ಅದಕ್ಕೂ ಅವಕಾಶ ಕೊಡಲಿಲ್ಲ. ಆರು ವಾರ ಬಂದೆ, ಆರು ಟೀ ಕುಡಿದೆ. ಏಳನೆಯ ವಾರ ನಿನ್ನ ಎದೆನೋವಿನ ಸುದ್ದಿ ಬಂತು. ಆಸ್ಪತ್ರೆಗೆ ನಾನು ಮುಟ್ಟುವ ಹೊತ್ತಿಗೆ...

ಈಗ ಫೋನಿನ ವಿಷಯ. ಮಾಡಿದ್ದು ಆ ಅತ್ತೆಯ ಪಾತ್ರ ಮಾಡಿದವರೇ. ಧಾರಾವಾಹಿ ಮುಗಿದಿದೆಯಂತೆ, ಮನೆಯಲ್ಲಿ ಹಳೆಯ ಪತ್ರಿಕೆ ತಿರುವುವಾಗ ನನ್ನ ಲೇಖನ ಸಿಕ್ಕಿತಂತೆ. "ಸೆರಗು ಬಿಡಿಸೋದು ಸ್ಕ್ರಿಪ್ಟ್‌ನಲ್ಲಿ ಇರಲಿಲ್ಲ ಸಾರ್. ಆ ಅತ್ತೆಗೆ ಸೊಸೆ ಮೇಲೆ ಪ್ರೀತಿ ಇದೆ ಅಂತಲೇ ನಾನು ಮೊದಲಿಂದ ಮಾಡಿದ್ದು. ಡೈಲಾಗ್ ಎಲ್ಲಾ ಉಲ್ಟಾ. ಕೈಯಲ್ಲಾದ್ರೂ ಹೇಳೋಣ ಅಂತ. ಯಾರೂ ನೋಡಲಿಲ್ಲ ಅಂದ್ಕೊಂಡಿದ್ದೆ. ನೀವು ನೋಡಿದ್ರಲ್ಲ."

'ಥ್ಯಾಂಕ್ಸ್' ಎಂಬ ಪದ ನನ್ನ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು, ಚಿಕ್ಕವ್ವ. ಅಭ್ಯಾಸಬಲ. ನುಂಗಿಕೊಂಡೆ. ನೋಡಿದ್ದು ನಾನಲ್ಲ ಎಂದು ಎಲ್ಲವನ್ನೂ ಹೇಳಿದೆ, ವಿಷಾದ ಬರೆದದ್ದನ್ನೂ ಸೇರಿಸಿ. ಆಕೆ, "ಅವರನ್ನ ನೋಡಬಹುದಾ?" ಅಂದರು. ಇದ್ದದ್ದನ್ನೇ ಹೇಳಿದೆ.

ಸಂಪಾದಕರಿಗೆ ಹಿಗ್ಗು. 'ನಮ್ಮ ವಿಮರ್ಶಕರ ನುಡಿ ನಿಜವಾಯಿತು' ಎಂದು ಶೀರ್ಷಿಕೆ ಕೂಡ ಸಿದ್ಧ ಮಾಡಿದ್ದರು. ಆಗುವುದಿಲ್ಲ ಎಂದೆ. ಹಳೆಯ ವಿಷಾದವನ್ನು ಹಿಂತೆಗೆದುಕೊಂಡು, ಇಷ್ಟು ವರ್ಷ ಯಾರ ಮಾತನ್ನು ನನ್ನದೆಂದು ಮಾರಿದೆನೋ ಬರೆದುಕೊಟ್ಟೆ. ಅವರು ಎರಡು ಸಲ ಓದಿ, ನಿನ್ನ ಹೆಸರಿನ ಮೇಲೆ ಬೆರಳಿಟ್ಟು, "ನಂಜಮ್ಮ ಅಂತ ಬರೀ ಹೆಸರು ಹಾಕಿದ್ರೆ ಹೆಂಗ್ರೀ? ಅರ್ಹತೆ ಏನು ಅಂತ ಹಾಕೋಣ?" ಅಂದರು.

"ವಿಮರ್ಶಕಿ ಅಂತ ಹಾಕಿ."

ಈ ವಾರದ ಸಂಚಿಕೆಯಲ್ಲಿ ಬಂದಿದೆ. ಅಂಕಣದಿಂದ ನನ್ನ ಫೋಟೊ ತೆಗೆದುಹಾಕಿಸಿದ್ದೇನೆ. ನಂಜಮ್ಮ, ವಿಮರ್ಶಕಿ, ಚನ್ನಪಟ್ಟಣ. ಅದರ ಕೆಳಗೆ ಆ ಅತ್ತೆಯ ಬಗ್ಗೆ ನೀನು ಆಡಿದ ಮಾತು, ನೀನು ಆಡಿದ ಹಾಗೆಯೇ. ಒಂದಕ್ಷರ ತಿದ್ದಿಲ್ಲ.