ಬಿಚ್ಚದೆ ಉಳಿದ ಚೀಟಿ

ಅಣ್ಣಾ,

ಕ್ಷೇಮವಾಗಿದ್ದೇನೆ ಎಂದು ಬರೆದು ಕಾಗದ ಶುರುಮಾಡುವುದು ರೂಢಿ. ಕ್ಷೇಮದ ಮಾತು ಈ ಸಲ ಕೊನೆಗಿರಲಿ. ನಿನ್ನ ಕಣ್ಣಿಗೆ ಈಗ ಅಕ್ಷರ ಕಾಣುವುದಿಲ್ಲವಾದ್ದರಿಂದ ಇದನ್ನು ನಿನ್ನ ಮಗಳು ಓದಿ ಹೇಳುತ್ತಿರುತ್ತಾಳೆ. ಮಗಳೇ, ನಡುವೆ ಎಲ್ಲೂ ಹಾರಿಸಬೇಡ. ನಿಮ್ಮಪ್ಪ ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದಿದವನು, ಒಂದು ಸಾಲು ಬಿಟ್ಟರೂ ಅವನಿಗೆ ತಿಳಿದುಹೋಗುತ್ತದೆ.

ತಿಂಗಳ ಹಿಂದೆ ಅವಳ ಕೈಲಿ ನೀನು ಬರೆಸಿದ್ದೆ: "ಅಣ್ಣ ತಂಗಿ ಕೊನೆಗಾಲದಲ್ಲಿ ಒಟ್ಟಿಗೆ ಇರೋದು ಹಣೇಲಿ ಬರೆದಿದೆ ಅನ್ಸುತ್ತೆ ಕಣೇ. ನಿನ್ನ ಮನೆಗೆ ಬಂದುಬಿಡಲಾ?" ಕಾಗದದ ಜೊತೆಗೆ ನಿನ್ನ ಹಳೆಯ ನಿಘಂಟನ್ನೂ ಕಳಿಸಿದ್ದೆ, ನಿನಗಿನ್ನು ಅದರ ಉಪಯೋಗವಿಲ್ಲ ಎಂದು. ಆ ದಿನವೇ ಬಾ ಎಂದು ಬರೆಯುವವಳಿದ್ದೆ. ಮುಂದಿನ ಕೋಣೆಯ ಪುಸ್ತಕಗಳನ್ನೆಲ್ಲ ತೆಗೆಸಿ ಮಂಚಕ್ಕೆ ಜಾಗವನ್ನೂ ಮಾಡಿಸಿದ್ದೆ.

ಅಷ್ಟರಲ್ಲಿ ಒಂದು ಗ್ರಂಥಾಲಯದವರು ನನ್ನನ್ನು ಮಾತಿಗೆ ಕರೆದರು. ದೆವ್ವದ ಕಾದಂಬರಿ ಬರೆಯುವವಳನ್ನು ಜನ ಕೇಳುವುದು ಎರಡೇ ಪ್ರಶ್ನೆ. ದೆವ್ವ ನೋಡಿದ್ದೀರಾ? ಹಣೆಬರಹ ನಂಬುತ್ತೀರಾ? ಮೊದಲನೆಯದಕ್ಕೆ, ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ನೋಡುತ್ತೇನೆ ಎನ್ನುತ್ತೇನೆ, ನಗುತ್ತಾರೆ. ಎರಡನೆಯದಕ್ಕೂ ನನ್ನಲ್ಲಿ ಬಾಯಿಪಾಠದ ಉತ್ತರವಿತ್ತು. "ಇಪ್ಪತ್ತನಾಲ್ಕನೇ ವಯಸ್ಸಲ್ಲಿ ನನ್ನ ಮುಂದೆ ಎರಡು ಚೀಟಿ ಇದ್ವು. ನನ್ನ ಬೆರಳು ಒಂದರ ಮೇಲೆ ಹೋಯ್ತು. ಆ ಬೆರಳನ್ನ ಅಲ್ಲಿಗೆ ತಳ್ಳಿದ್ದು ಯಾರು ಅಂತ ಹುಡುಕ್ತಾ ಹನ್ನೊಂದು ಕಾದಂಬರಿ ಬರೆದೆ." ಚಪ್ಪಾಳೆ ಬಿತ್ತು. ಆಗ ಮೂರನೇ ಸಾಲಿನಿಂದ ಒಬ್ಬಳು ನರ್ಸಮ್ಮ ಎದ್ದು ಕೇಳಿದಳು: "ಇನ್ನೊಂದು ಚೀಟೀಲಿ ಏನಿತ್ತು ಮೇಡಂ?" ಇನ್ನೇನು, 'ಹೋಗು' ಅಂತ ಇತ್ತು ಎಂದೆ. "ಬಿಚ್ಚಿ ನೋಡಿದ್ರಾ?" ಎಂದಳು.

ಇಲ್ಲ ಅಣ್ಣಾ, ನೋಡಿರಲಿಲ್ಲ. ಊರಿನವರ ದೆವ್ವಗಳಿಗೆಲ್ಲ ಕಥೆ ಹೆಣೆದ ನನ್ನ ತಲೆಗೆ ಮೂವತ್ತಮೂರು ವರ್ಷದಲ್ಲಿ ಅದು ಹೊಳೆಯಲೇ ಇಲ್ಲ.

ಆ ಮಧ್ಯಾಹ್ನ ನಿನಗೆ ನೆನಪಿದೆಯೆಂದು ಗೊತ್ತು, ಆದರೂ ನಿನ್ನ ಮಗಳಿಗಾಗಿ ಬರೆಯುತ್ತೇನೆ. ಅಪ್ಪನಿಗೆ ಲಕ್ವ ಹೊಡೆದು ಇಪ್ಪತ್ತು ದಿನವಾಗಿತ್ತು. ಅಮ್ಮ ಮೊದಲೇ ಹೋಗಿದ್ದಳು. ನಿನಗೆ ದೊಡ್ಡ ಊರಿನ ಪ್ರೆಸ್ಸಿನಲ್ಲಿ ಕೆಲಸ ಸಿಕ್ಕಿತ್ತು, ನನಗೆ ಅದೇ ಊರಿನ ಪತ್ರಿಕೆಯಲ್ಲಿ ವರದಿಗಾರ್ತಿಯ ಕೆಲಸ. ಇಬ್ಬರೂ ಸೋಮವಾರ ಸೇರಬೇಕು, ಒಬ್ಬರು ಉಳಿಯಲೇಬೇಕು. "ಚೀಟಿ ಎತ್ತೋಣ ಕಣೇ. ಯಾರ ಮೇಲೂ ತಪ್ಪು ಬರಲ್ಲ" ಎಂದವನು ನೀನು. ನಾನು ಕಿಟಕಿಯ ಹತ್ತಿರ ಅಪ್ಪನ ಮೈ ಒರೆಸುವ ಬಟ್ಟೆ ಹಿಂಡುತ್ತಿದ್ದೆ. ನೀನು ಅವರ ಮಂಚದ ಪಕ್ಕದ ಮೇಜಿನಲ್ಲಿ ಡಾಕ್ಟರು ಬರೆದುಕೊಟ್ಟ ಔಷಧಿಯ ಕಾಗದ ಎರಡಾಗಿ ಹರಿದು, ಹಿಂಬದಿಯಲ್ಲಿ ಬರೆದು, ನಾಲ್ಕು ಮಡಿಕೆ ಮಾಡಿ, ಅವರ ಕನ್ನಡಕದ ಡಬ್ಬಿಯಲ್ಲಿ ಹಾಕಿ ನನ್ನ ಮುಂದೆ ಹಿಡಿದೆ. ನಾನು ಒದ್ದೆ ಕೈಯಲ್ಲೇ ಒಂದನ್ನು ಎತ್ತಿದೆ. 'ಇರು.'

"ಇನ್ನು ನನ್ನದು ನೋಡೋದೇನಿದೆ" ಎಂದು ಉಳಿದ ಚೀಟಿಯನ್ನು ನೀನು ಜೇಬಿಗೆ ಹಾಕಿಕೊಂಡೆ. ಆಮೇಲೆ ನನ್ನ ತಲೆ ಸವರಿ ಹೇಳಿದೆ: "ಹಣೆಬರಹ ಕಣೇ. ನನ್ನ ಕೈಲೇನಿದೆ?"

ಆಗ ಅಪ್ಪ ಸೊಟ್ಟಗಾದ ಬಾಯಲ್ಲಿ ಒಂದು ಮಾತು ಹೊರಡಿಸಿದರು. ಕಾಯಿಲೆ ಬಿದ್ದಮೇಲೆ ಅವರ ಬಾಯಿಂದ ಬಂದ ಮೊದಲ ಮಾತು. "ಒಂದೇ... ಒಂದೇ..." ಕಣ್ಣಲ್ಲಿ ನೀರು ಇಳಿಯುತ್ತಿತ್ತು. 'ನನಗೆ ನೀವಿಬ್ಬರೂ ಒಂದೇ' ಎನ್ನುತ್ತಿದ್ದಾರೆಂದು ತಿಳಿದು ನಾನು ಅವರ ಕೈ ಹಿಡಿದು ಅತ್ತುಬಿಟ್ಟೆ. ಅವರು ಆರು ವರ್ಷ ಬದುಕಿದರು. ನೀನು ಬಂದಾಗಲೆಲ್ಲ ಸ್ವಾಧೀನವಿದ್ದ ಎಡಗೈಯನ್ನು ನಿನ್ನ ಅಂಗಿಯ ಜೇಬಿನ ಕಡೆ ಚಾಚಿ ಅದನ್ನೇ ಹೇಳುತ್ತಿದ್ದರು. "ಹೂಂ ಅಪ್ಪಾ, ಗೊತ್ತು. ನಿಮಗೆ ನಾವಿಬ್ಬರೂ ಒಂದೇ" ಎಂದು ನಾನು ಅವರ ಬಾಯಿ ಒರೆಸುತ್ತಿದ್ದೆ. ನೀನು ಪಕ್ಕದಲ್ಲಿ ನಿಂತು ತಲೆದೂಗುತ್ತಿದ್ದೆ.

ನರ್ಸಮ್ಮನ ಪ್ರಶ್ನೆ ಹೊತ್ತು ಮನೆಗೆ ಬಂದವಳೇ ನಿನ್ನ ನಿಘಂಟನ್ನು ಮೇಜಿನ ಮೇಲೆ ಹಾಕಿಕೊಂಡು ಕೂತೆ. ನೀನು ತುಂಡು ಕಾಗದವನ್ನೂ ಎಸೆಯುವವನಲ್ಲ, ಎಲ್ಲ ಅದರೊಳಗೆ ಹೋಗುತ್ತಿತ್ತು. ಬಸ್ ಟಿಕೆಟ್ಟು, ಮಗಳ ಶಾಲೆಯ ರಸೀದಿ, ನನ್ನ ಕಾಗದಗಳು. ಕಡೆಗೆ ರಟ್ಟಿನ ಮೇಲಿನ ಖಾಕಿ ಹೊದಿಕೆಯ ಒಳಗೆ ಸಿಕ್ಕಿತು, ನಾಲ್ಕು ಮಡಿಕೆಯ ಚೀಟಿ. ಬಿಚ್ಚುವಾಗ ಮಡಿಕೆಯಲ್ಲೇ ಹರಿಯಿತು. ನನ್ನ ಚೀಟಿಯನ್ನು ನಾನೂ ಇಟ್ಟುಕೊಂಡಿದ್ದೆ. ಎರಡನ್ನೂ ಪಕ್ಕಪಕ್ಕ ಇಟ್ಟೆ. ಹಿಂಬದಿಯಲ್ಲಿ ಔಷಧಿಯ ಹೆಸರು ಸರಿಯಾಗಿ ಕೂಡಿಕೊಂಡಿತು. ಮುಂಬದಿಯಲ್ಲಿ ಎರಡರಲ್ಲೂ ಬಾಲ ಉದ್ದದ ನಿನ್ನ 'ರು'. ಇರು. ಇರು. ಅಪ್ಪ ಹೇಳಿದ್ದು ನಿಜ, ಎರಡೂ ಒಂದೇ.

ಪಾಪ, ಅವರೊಬ್ಬರೇ ನೋಡಿದ್ದರು. ಆರು ವರ್ಷ ಸಾಕ್ಷಿ ಹೇಳಿದರು. ನಾನು ಒರಟು ಬಟ್ಟೆಯಲ್ಲಿ ಆ ಸಾಕ್ಷಿಯನ್ನು ಒರೆಸಿಹಾಕಿದೆ. ಚೀಟಿಗಾಗಿ ನಿನ್ನನ್ನು ಎಂದಾದರೂ ಕ್ಷಮಿಸಿಯೇನು, ಅದನ್ನು ನೋಡುತ್ತ ನೀನು ತಲೆದೂಗಿದ್ದಕ್ಕೆ ಮಾತ್ರ ಆಗುವುದಿಲ್ಲ.

ಅವರ ಮಂಚದ ಪಕ್ಕದಲ್ಲೇ ನಾನು ಬರೆಯಲು ಶುರುಮಾಡಿದ್ದು. ನನ್ನ ಪುಸ್ತಕಗಳಲ್ಲೆಲ್ಲ ಒಂದೇ ಮಾತು ಬರುವ ದೆವ್ವವೊಂದು ಇರುತ್ತದೆ. ಅದರ ಮಾತು ಯಾರಿಗೂ ಅರ್ಥವಾಗುವುದಿಲ್ಲ. ಓದುಗರು ಅದನ್ನೇ ಮೆಚ್ಚಿದರು. ಪ್ರೂಫ್ ನೋಡಿದವನು ನೀನೇ. "ಈ ದೆವ್ವ ಯಾಕೆ ಹೀಗೆ ಮಾಡುತ್ತೆ, ಕಾರಣ ಬೇಡ್ವಾ?" ಎಂದು ಅಂಚಿನಲ್ಲಿ ಕೆಂಪು ಪೆನ್ಸಿಲಿನಿಂದ ಬರೆಯುತ್ತಿದ್ದೆ. ದೆವ್ವಕ್ಕೆ ಕಾರಣ ಬೇಡ ಎಂದು ನಾನು ವಾದಿಸುತ್ತಿದ್ದೆ. ನಾಲ್ಕನೆಯ ಕಾದಂಬರಿಯಲ್ಲಿ ಚೀಟಿ ಎತ್ತುವ ದೃಶ್ಯವಿತ್ತಲ್ಲ, ಆ ಪುಟದಲ್ಲಿ ಮೂರು ಅಚ್ಚಿನ ತಪ್ಪು ಹಾಗೇ ಉಳಿದಿವೆ. ಒಂದು ಕೊಂಬು ತಪ್ಪಿದರೂ ಹಿಡಿಯುತ್ತಿದ್ದ ನೀನು ಅದನ್ನು ಓದಲೇ ಇಲ್ಲವೆಂದು ಈಗ ಗೊತ್ತಾಯಿತು.

ನಮ್ಮ ಕಸುಬಿನಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇದೆ. ಬಾಗಿಲು ತಾನಾಗಿ ತೆರೆದುಕೊಳ್ಳಬೇಕು. ಯಾರೋ ಮನುಷ್ಯ ಚಿಲಕ ತೆಗೆದ ಎಂದು ಕೊನೆಗೆ ತಿಳಿದರೆ ಅದು ದೆವ್ವದ ಕಥೆಯಲ್ಲ, ಬರೀ ಪತ್ತೇದಾರಿ. ನನ್ನ ಹನ್ನೊಂದೂ ಪುಸ್ತಕ ಒಂದೇ ಸಂಜೆಯಲ್ಲಿ ಪತ್ತೇದಾರಿ ಕಥೆಗಳಾಗಿಬಿಟ್ಟವು. ಹಣೆಬರಹ, ಹಣೆಬರಹ ಎಂದು ಜೀವಮಾನವಿಡೀ ಬೊಬ್ಬೆ ಹೊಡೆದೆನಲ್ಲ, ಅದು ಬರೀ ಅಣ್ಣನ ಕೈಬರಹ.

ನಿನಗೆ ಹೊಳೆಯದೇ ಹೋದ ಮಾತೊಂದಿದೆ. ನೀನು ನನ್ನ ಮುಖ ನೋಡಿ, "ನನಗೆ ಹೋಗಬೇಕು, ನೀನು ಅಪ್ಪನ ಜೊತೆ ಇರ್ತೀಯಾ?" ಎಂದು ಕೇಳಿದ್ದರೆ ನಾನು ಇರುತ್ತಿದ್ದೆನೇನೋ. ಅತ್ತು, ನಿನ್ನನ್ನು ಬಾಯಿಗೆ ಬಂದಂತೆ ಬೈದು, ಇದ್ದುಬಿಡುತ್ತಿದ್ದೆನೇನೋ. ಆಗ ಆ ಆರು ವರ್ಷ ನಾನು ಅಪ್ಪನಿಗೆ ಕೊಟ್ಟದ್ದಾಗುತ್ತಿತ್ತು. ನೀನು ಕಸಿದದ್ದು ಪತ್ರಿಕೆಯ ಕೆಲಸವನ್ನಲ್ಲ. ಹೂಂ ಎನ್ನುವ ಅವಕಾಶವನ್ನು ಕಸಿದೆ. ಕೇಳಿದರೆ ಉಹೂಂ ಎಂದಾಳು ಎಂಬ ಹೆದರಿಕೆಗೆ ದೇವರನ್ನೇ ಕರೆತಂದು ಕೂರಿಸಿದ ಪುಕ್ಕಲ ನೀನು.

ಈಗ ಮತ್ತೆ ಹಣೇಲಿ ಬರೆದಿದೆ ಎಂದು ಹೇಳಿ ಕಳಿಸಿದ್ದೀಯ. ನನ್ನ ಹಣೆಯ ಮೇಲೆ ಇನ್ನು ಜಾಗವಿಲ್ಲ ಅಣ್ಣಾ. ಮುಂದಿನ ಕೋಣೆಗೆ ಪುಸ್ತಕಗಳು ವಾಪಸು ಬಂದಿವೆ. ಇದು ವಿಧಿಯಲ್ಲ, ಸಿಟ್ಟೂ ಪೂರ್ತಿ ಅಲ್ಲ. ಯೋಚಿಸಿ, ಎರಡು ದಿನ ಊಟ ಬಿಟ್ಟು, ನಾನೇ ಮಾಡಿದ ತೀರ್ಮಾನ. ಐವತ್ತೇಳು ವರ್ಷಕ್ಕೆ ಮೊದಲನೆಯದು. ನೋವಾದರೆ ನನ್ನನ್ನೇ ಬೈಯಿ, ಬ್ರಹ್ಮನನ್ನು ಎಳೆದು ತರಬೇಡ.

ಮಗಳೇ, ಲಕೋಟೆಯಲ್ಲಿ ಒಂದು ಚೀಟಿ ಇದೆ, ಮಡಿಸಿಲ್ಲ. ಅದನ್ನು ನಿಮ್ಮಪ್ಪನ ಅಂಗೈಯಲ್ಲಿಡು. ನನ್ನ ಕೈಲೇನಿದೆ ಎಂದು ಅವನು ಕೇಳಿದರೆ ಓದಿ ಹೇಳು. ಅವನದೇ ಅಕ್ಷರ.

ಕ್ಷೇಮದ ಮಾತು ಬಾಕಿ ಇತ್ತಲ್ಲ. ನಾನು ಇಲ್ಲಿ ಕ್ಷೇಮ. ನೀನೂ ಅಲ್ಲಿ, ಮಗಳ ಮನೆಯಲ್ಲಿ, ನೂರು ವರ್ಷ ಚೆನ್ನಾಗಿರು. ಅಲ್ಲೇ ಇರು.

ಇಂತಿ,
ಇದ್ದುಬಿಟ್ಟ ನಿನ್ನ ತಂಗಿ