ತೇಗದ ಎರಡನೇ ಕಂತು

ರೀ,

ಹನ್ನೊಂದಕ್ಕೆ ತೇಗದ ತೋಟದ ಕಂಪನಿಯ ಏಜೆಂಟ್ ಬರುತ್ತಾನೆ. ಎರಡನೇ ಕಂತಿನ ಚೆಕ್ ಕೊಡಬೇಡಿ.

ಸಿಗರೇಟು, ಬ್ರಾಂಡಿ ಕಂಪನಿಗಳ ಶೇರು ಬೇಡವೆಂದು ವರ್ಷವಿಡೀ ಜಗಳವಾಡಿ, ನಮ್ಮ ಉಳಿತಾಯವನ್ನು ಈ ತೇಗದ ಗಿಡಗಳಿಗೆ ಹಾಕಿಸಿದವಳು ನಾನೇ. ಬಾಟನಿ ಓದಿದವಳು, ಅವಕ್ಕೆ ನೀರು ಎಲ್ಲಿಂದ ಎಂದು ಕೇಳಲೇ ಇಲ್ಲ! ನಿನ್ನೆ ಹೆಡತಲೆ ಊರಿಗೆ ಹೋಗಿ ಕಂಪನಿಯ ತೋಟ ನೋಡಿದೆ. ಮೂರು ಬೋರ್‌ವೆಲ್. ಪಕ್ಕದ ಹೊಲದ ಮಂಚಮ್ಮ, "ಆ ಗಿಡ ನೆಟ್ಟ ಮ್ಯಾಕೆ ನಮ್ ಬಾವಿ ಬತ್ತೋಯ್ತು ಕಣವ್ವಾ. ಅದ್ಯಾವ ಪುಣ್ಯಾತ್ಮರ್ದೋ!" ಎಂದು ಬೈದು, ದೂರದಿಂದ ಹೊತ್ತು ತಂದ ನೀರನ್ನೇ ನನಗೆ ಕುಡಿಯಲು ಕೊಟ್ಟಳು. ಆ ಗಿಡ ನಮ್ಮದೇ ಎನ್ನದೆ, ಕುಡಿದು ಎದ್ದು ಬಂದೆ.

ಮೊದಲ ಕಂತಿನಲ್ಲಿ ಕಟ್ಟಿದ್ದು ಹೋಗುತ್ತದೆಂದು ಏಜೆಂಟ್ ಹೆದರಿಸುತ್ತಾನೆ. ಹೋಗಲಿ.

ನರಸೀಪುರದ ಕಾಲೇಜು ಮುಗಿಸಿ ನಾಲ್ಕಕ್ಕೆ ಬರುತ್ತೇನೆ. ಗಿಡ ನಮ್ಮದೆಂದು ಮಂಚಮ್ಮನಿಗೆ ಇವತ್ತೇ ಹೇಳಬೇಕು. ನಗುವುದಿದ್ದರೆ ಮನೆಯಲ್ಲೇ ನಕ್ಕು ಮುಗಿಸಿ, ಜೊತೆಗೆ ಬನ್ನಿ.

ಶಾಲಿನಿ